ಸ್ಮರಣಿಕೆಯಾಗಿ ಧ್ವಜ: ಧಾರವಾಡ ಸೀಮೆಯ ನೂಲಿನ ನೆಲೆಯಿಂದ

ರಾಷ್ಟ್ರೀಯ ಉತ್ಸವಗಳ ಸ್ಮರಣಿಕೆಗಳನ್ನು ನಾವು ಅವುಗಳ ಮೇಲಿನ ಚಿತ್ರದಿಂದಲೇ ಅರ್ಥೈಸುವುದು ರೂಢಿ. 1997ರ ಸುವರ್ಣ ಮಹೋತ್ಸವದ ಐವತ್ತು ಪೈಸೆಯ ನಾಣ್ಯದಲ್ಲಿ ದಂಡಿಯಾತ್ರೆಯಿದೆ. ಅಂದಿನ ಧಾರವಾಡ ಜಿಲ್ಲೆಯ ಮೈಲಾರ ಮಹಾದೇವಪ್ಪನವರೂ ಹೆಜ್ಜೆ ಹಾಕಿದ ಯಾತ್ರೆಯದು. ಆ ನಾಣ್ಯದ ಲೋಹ ಯಾವುದೆಂದು ಯಾರೂ ಕೇಳುವುದಿಲ್ಲ. ಧ್ವಜದ ಮಾತು ಬೇರೆ. ಅಲ್ಲಿ ಬಟ್ಟೆಯೂ ಅರ್ಥದ ಭಾಗ.

ಅಳ್ನಾವರ, ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗರಗದ ಮಗ್ಗಗಳು ಧ್ವಜದ ಖಾದಿಗೆ ಹೆಸರಾದವು. 1957ರಲ್ಲಿ ಸ್ಥಾಪನೆಗೊಂಡ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ಧ್ವಜ ತಯಾರಿಸುತ್ತ ಬಂದಿದೆ. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಎರಡೂ ಬದಿಯ ಚಕ್ರಗಳ ಹೊಂದಾಣಿಕೆ ಎಲ್ಲವೂ ಪರೀಕ್ಷೆಗೊಳಗಾಗುತ್ತವೆ. ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್ ಹಾಗೂ ಯಂತ್ರನಿರ್ಮಿತ ಧ್ವಜಗಳಿಗೆ ಅವಕಾಶವಿತ್ತಿತು. 2022ರ ಅಮೃತ ಮಹೋತ್ಸವದಲ್ಲಿ ‘ಹರ್ ಘರ್ ತಿರಂಗಾ’ದ ಧ್ವಜಗಳು ಮನೆಮನೆ ತಲುಪಿದವು. ಅಷ್ಟೊಂದು ಧ್ವಜಗಳನ್ನು ಕೈಮಗ್ಗ ಅಷ್ಟು ಬೇಗ ಒದಗಿಸಲಾರದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಚರಕವನ್ನೇ ಅಸ್ತ್ರವಾಗಿಸಿಕೊಂಡ ಹೋರಾಟದ ನೆನಪಿಗೆ ಚರಕದ ಹಂಗಿಲ್ಲದ ಬಟ್ಟೆ ಸಾಕೆನಿಸಿದ್ದು ಹೇಗೆ? ಬೆಂಗೇರಿಯವರ ಪ್ರತಿಭಟನೆಯನ್ನು ಬರಿಯ ವ್ಯಾಪಾರನಷ್ಟದ ಅಳಲೆಂದು ಬಗೆದದ್ದು, ನನ್ನ ದೃಷ್ಟಿಯಲ್ಲಿ, ವಿಮರ್ಶೆಯ ಸೋಲೇ. ಕೂಲಿಯೂ ಅರ್ಥವೂ ಇಲ್ಲಿ ಒಂದೇ ಎಳೆಯಲ್ಲಿವೆ.

ಹಾಳಾದ ಧ್ವಜವನ್ನು ಗೌರವದಿಂದ, ಮೇಲಾಗಿ ಸುಟ್ಟು, ವಿಸರ್ಜಿಸಬೇಕೆನ್ನುತ್ತದೆ ಧ್ವಜಸಂಹಿತೆ. ಪಾಲಿಯೆಸ್ಟರ್ ಬೂದಿಯಾಗದೆ ಕರಗಿ ಮುದ್ದೆಯಾಗುತ್ತದೆಂಬುದನ್ನು ತಿದ್ದುಪಡಿ ಮಾಡಿದವರು ಯೋಚಿಸಿದಂತಿಲ್ಲ. 2022ರ ಧ್ವಜವನ್ನು ಸಂಗ್ರಹದಲ್ಲಿಡುವವರು ಬಟ್ಟೆ ಯಾವುದೆಂದೂ ಬರೆದಿಡಬೇಕು. ಪಕ್ಕದಲ್ಲಿ ಬೆಂಗೇರಿಯ ಆರು-ನಾಲ್ಕು ಅಂಗುಲದ ಖಾದಿ ಧ್ವಜವೊಂದಿದ್ದರೆ ಹೋಲಿಕೆಗೆ ಅನುಕೂಲ.