ಮಂಗನ ಕಾಯಿಲೆಯ ಬಲವರ್ಧಕ ಲಸಿಕೆಯೂ ವೃದ್ಧರೂ

ಆಲ್ದೂರಿನಿಂದ ಬಾಳೆಹೊನ್ನೂರಿನ ಮೂಲಕ ಕೊಪ್ಪ, ಶೃಂಗೇರಿಗಳ ಕಡೆಗೆ ಹೊರಟವರಿಗೆ ಕಾಫಿತೋಟವೆಲ್ಲಿ ಮುಗಿಯಿತು, ಕಾಡೆಲ್ಲಿ ತೊಡಗಿತು ಎಂಬುದು ತಿಳಿಯುವುದಿಲ್ಲ. ಈ ದಾರಿಯ ಕೊನೆಯ ತಾಲ್ಲೂಕುಗಳಿಗೆ ಮಂಗನ ಕಾಯಿಲೆ ಹೊಸತಲ್ಲ. ೨೦೨೪ರಲ್ಲಿ ಶೃಂಗೇರಿ ತಾಲ್ಲೂಕಿನಲ್ಲಿ ಎಪ್ಪತ್ತು ಮೀರಿದ ವೃದ್ಧರೊಬ್ಬರು ಅದಕ್ಕೆ ಬಲಿಯಾದರು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆಗೆ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯೊಂದು ದೀರ್ಘಕಾಲ ಬಳಕೆಯಲ್ಲಿದ್ದು, ೨೦೨೨ರಲ್ಲಿ ನಿಂತುಹೋಯಿತು. ವೃದ್ಧರ ಮೈಯಲ್ಲಿ ಅದರ ಬಲವರ್ಧಕ ಡೋಸು ಎಷ್ಟು ಫಲಕಾರಿ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಲಸಿಕೆಯ ಮೇಲಿನ ಬರಹಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಇವುಗಳಲ್ಲಿ ಮುಖ್ಯವಾದುದು, ೨೦೦೫ರಿಂದ ೨೦೧೦ರವರೆಗಿನ ಲಸಿಕೆಯ ಕಾರ್ಯವನ್ನು ಕುರಿತು ಕಸಬಿ, ಮುರ್ಹೇಕರ್ ಮೊದಲಾದವರು ೨೦೧೩ರಲ್ಲಿ ಪ್ರಕಟಿಸಿದ ಪ್ರಬಂಧ. ಎರಡು ಡೋಸು ಪಡೆದವರಲ್ಲಿ ರಕ್ಷಣೆ ಶೇಕಡಾ ೬೨.೪, ಅದರ ಮೇಲೆ ಬಲವರ್ಧಕವನ್ನೂ ಪಡೆದವರಲ್ಲಿ ಶೇಕಡಾ ೮೨.೯ ಎಂಬುದು ಅದರ ನಿರ್ಣಯ. ಎರಡೇ ಡೋಸಿಗೆ ಶೇಕಡಾ ೯೩.೫ರಷ್ಟು ರಕ್ಷಣೆಯನ್ನು ಹೇಳಿದ್ದ ಹಿಂದಿನ ಪ್ರಯೋಗದ ಉತ್ಸಾಹವನ್ನು ಇದು ತಗ್ಗಿಸಿತು. ಆ ಪ್ರಾಮಾಣಿಕತೆಗೆ ನಮ್ಮ ಗೌರವವಿದೆ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಬಲವರ್ಧಕದಿಂದ ಶೇಕಡಾ ಇಪ್ಪತ್ತರ ಲಾಭವೆಂದು ಓದುವುದು ಅವಸರವಾದೀತು. ಮೊದಲನೆಯ ಅಂಕಿಯ ವಿಶ್ವಾಸಮಿತಿ ೨೬.೧ರಿಂದ ೮೦.೮, ಎರಡನೆಯದರದು ೭೧.೩ರಿಂದ ೮೯.೮. ಇವು ಒಂದರ ಮೇಲೊಂದು ಬೀಳುತ್ತವೆ. ಮೇಲಾಗಿ, ನೋವು ಕೊಡುವ ಈ ಚುಚ್ಚುಮದ್ದಿಗೆ ವರ್ಷ ವರ್ಷವೂ ತೋಳು ನೀಡುವವರು ಇತರ ವಿಷಯಗಳಲ್ಲಿಯೂ ಎಚ್ಚರದಿಂದಿರುವವರಾಗಿರಬಹುದು. ಲಸಿಕೆಯ ಗುಣವೆಷ್ಟು, ಪಡೆದವರ ಗುಣವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ನಮ್ಮ ಮುಖ್ಯ ಆಕ್ಷೇಪ ಬೇರೆ. ಲಸಿಕೆ ಏಳರಿಂದ ಅರವತ್ತೈದು ವರ್ಷದವರಿಗೆ ಮಾತ್ರ ವಿಹಿತವಾಗಿತ್ತು. ಕಾಯಿಲೆ ಹಬ್ಬುವ ತಿಂಗಳುಗಳಲ್ಲಿ ಸೌದೆಗೂ ತರಗೆಲೆಗೂ ಕಾಡಂಚಿಗೆ ಹೋಗುವ ಮುದುಕಿ ತನ್ನ ವಯಸ್ಸನ್ನು ಉಣುಗಿಗೆ ಹೇಳಿ ಹೋಗುವುದಿಲ್ಲ. ಹೀಗಿರುವಾಗ, ಮೇಲಿನ ಅಂಕಿಗಳನ್ನು ವೃದ್ಧರಿಗೂ ಅನ್ವಯಿಸುವುದು ಯಾವ ನ್ಯಾಯ?

ಅನ್ವಯಿಸಲಾಗದು ಎನ್ನುವುದಕ್ಕೆ ಶರೀರಶಾಸ್ತ್ರದ ಕಾರಣವೂ ಉಂಟು. ವಯಸ್ಸಾದಂತೆ ಥೈಮಸ್ ಗ್ರಂಥಿ ಕುಗ್ಗಿ, ಹೊಸ ರೋಗಾಣುವನ್ನು ಎದುರಿಸಬಲ್ಲ ಅನನುಭವಿ ಟಿ-ಕಣಗಳು ಕಡಿಮೆಯಾಗುತ್ತವೆ. ಬಿ-ಕಣಗಳು ಹುಟ್ಟಿಸುವ ಪ್ರತಿಕಾಯಗಳು ಪ್ರಮಾಣದಲ್ಲಿಯೂ ಬಾಳಿಕೆಯಲ್ಲಿಯೂ ಹಿಂದೆ ಬೀಳುತ್ತವೆ. ಬಲವರ್ಧಕವು ಹಳೆಯ ನೆನಪನ್ನು ಎಬ್ಬಿಸುತ್ತದೆ. ನೆನಪೇ ಮಸುಕಾಗಿ ಮೂಡಿದ್ದಲ್ಲಿ ಎಬ್ಬಿಸುವುದೇನನ್ನು? ಕೋವಿಡ್ ಕಾಲದಲ್ಲಿ ಅಮೆರಿಕದ ಓಹಾಯೋ ಪ್ರಾಂತ್ಯದ ವೃದ್ಧಾಶ್ರಮವಾಸಿಗಳನ್ನು ಪರೀಕ್ಷಿಸಿದವರು, ಎರಡು ಡೋಸುಗಳ ಆರು ತಿಂಗಳ ತರುವಾಯ ಪ್ರತಿಕಾಯಗಳು ಶೇಕಡಾ ೮೦ಕ್ಕೂ ಹೆಚ್ಚು ಇಳಿದುದನ್ನು ಕಂಡರು. ಮೂರನೆಯ ಡೋಸು ಅದನ್ನು ಮತ್ತೆ ಮೇಲಕ್ಕೇರಿಸಿತು. ಇನ್‌ಫ್ಲುಯೆಂಜಾಕ್ಕೆ ಅರವತ್ತೈದು ದಾಟಿದವರಿಗೆಂದೇ ನಾಲ್ಕು ಪಟ್ಟು ಪ್ರತಿಜನಕವುಳ್ಳ ಲಸಿಕೆಯನ್ನು ಅಮೆರಿಕ ೨೦೦೯ರಲ್ಲಿ ಅಂಗೀಕರಿಸಿತು. ಅಲ್ಲಿ ಯಾವ ವಯಸ್ಸಿನಿಂದ ವಿಶೇಷ ಉಪಚಾರ ಮೊದಲಾಯಿತೋ, ಇಲ್ಲಿ ಅದೇ ವಯಸ್ಸಿಗೆ ಬಾಗಿಲು ಮುಚ್ಚಿತು.

ಆಶ್ರಮದ ಫಲಿತಾಂಶಗಳನ್ನೂ ಹಾಗೆಯೇ ತಂದು ಇಲ್ಲಿ ನೆಡಲಾಗದು. ಅಲ್ಲಿನವರು ಒಂದೇ ಸೂರಿನಡಿಯಲ್ಲಿದ್ದು, ದಾದಿಯರ ಕೈಗೆ ಸಿಗುವವರು. ನಮ್ಮ ವೃದ್ಧರು ತೋಟದ ಲೈನುಮನೆಗಳಲ್ಲಿ, ಒಂಟಿಮನೆಗಳಲ್ಲಿ ಚದುರಿದ್ದಾರೆ. ಆರು-ಒಂಬತ್ತು ತಿಂಗಳಿಗೆ ಒಂದು ಬಲವರ್ಧಕ, ಆಮೇಲೆ ಐದು ವರ್ಷ ವರ್ಷಕ್ಕೊಂದು ಎಂಬ ಹಳೆಯ ಕ್ರಮ ಗಟ್ಟಿಮುಟ್ಟಾದವರಿಗೇ ಹೊರೆಯಾಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕಾರ್ಯವನ್ನು ಕೈಗೊಂಡಿದೆ. ಅದರ ಪರೀಕ್ಷೆಗಳಲ್ಲಿ ಅರವತ್ತೈದು ದಾಟಿದವರದೇ ಒಂದು ಗುಂಪನ್ನಿರಿಸಿ, ಬಲವರ್ಧಕದ ಹಿಂದೆಯೂ ಮುಂದೆಯೂ ಅವರ ರಕ್ತದ ಪ್ರತಿಕಾಯಗಳನ್ನು ಅಳೆದು, ಆ ಅಂಕಿಗಳನ್ನು ಉಳಿದವರೊಡನೆ ಬೆರೆಸದೆ ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ.