‘ಕೆರೆಗೆ ಹಾರ’: ಮನೆಯವರ ಎಣಿಕೆಯಲ್ಲಿ ಸೊಸೆ

ಉತ್ತರ ಕರ್ನಾಟಕದ ಪ್ರಸಿದ್ಧ ಕಥನಗೀತೆ ‘ಕೆರೆಗೆ ಹಾರ’ವನ್ನು ಲೋಕಹಿತಕ್ಕಾಗಿ ಪ್ರಾಣವಿತ್ತ ಹೆಣ್ಣಿನ ತ್ಯಾಗಗಾಥೆಯೆಂದು ಓದುವ ಕ್ರಮ ರೂಢಿಯಲ್ಲಿದೆ. ಶೀರ್ಷಿಕೆಯ ‘ಹಾರ’ ಹೂಮಾಲೆಯಲ್ಲ, ಆಹಾರ, ಅರ್ಥಾತ್ ಬಲಿ. ಆ ಬಲಿಯನ್ನು ಯಾರು, ಯಾವ ಆಧಾರದಿಂದ ಆರಿಸಿದರು ಎಂಬುದನ್ನು ಗಮನಿಸಿದರೆ, ಕುಟುಂಬಕ್ಕೆ ಸೇರಿದವರು ಯಾರೆಂಬ ಪ್ರಶ್ನೆಯೇ ಗೀತೆಯ ಕೇಂದ್ರದಲ್ಲಿರುವುದು ಸ್ಪಷ್ಟವಾಗುತ್ತದೆ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿದಾಗ ಸೊಸೆಯನ್ನು ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಯಳಾದ ಭಾಗೀರಥಿಯನ್ನು ಗೊತ್ತುಮಾಡುತ್ತಾರೆ. ಬಲಿಗೆ ಸಲ್ಲುವಷ್ಟು ಆಕೆ ಮನೆಯವಳು, ಕಾಪಾಡಿಕೊಳ್ಳಬೇಕಾದಷ್ಟು ಮನೆಯವಳಲ್ಲ.

ತವರಿಗೆ ಹೋದ ಭಾಗೀರಥಿ, ಅತ್ತೆ ಮಾವ ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ತಂದೆ ಹೊಲಮನೆ ಕೊಡಿಸುವ ಮಾತಾಡುತ್ತಾನೆ, ತಾಯಿ ಒಡವೆಯ ಮಾತಾಡುತ್ತಾಳೆ. ಇಲ್ಲೇ ಇರು ಎಂದು ಯಾರೂ ಹೇಳುವುದಿಲ್ಲ. ಕೊಟ್ಟ ಹೆಣ್ಣಿಗೆ ತವರಿನಲ್ಲಿ ಪ್ರೀತಿಯುಂಟು, ನೆಲೆಯಿಲ್ಲ. ಆಕೆ ನಿಜವನ್ನು ನುಡಿಯುವುದು ಎರಡೂ ಕುಟುಂಬಗಳ ಹೊರಗಿರುವ ಗೆಳತಿಯೆದುರು ಮಾತ್ರ. ಆ ಗೆಳತಿಯೂ ಇಟ್ಟಂತೆ ಇರಬೇಕೆಂಬ ರೂಢಿಯ ಬುದ್ಧಿಯನ್ನೇ ಹೇಳುವುದು ಗಮನಾರ್ಹ.

ಇಂತಹ ಬಲಿಯ ಆಶಯ ಅನ್ಯದೇಶಗಳಲ್ಲಿಯೂ ಉಂಟು. ಅಲನ್ ಡಂಡೆಸ್ 1996ರಲ್ಲಿ ಸಂಪಾದಿಸಿದ ಲೇಖನ ಸಂಕಲನವು ಇದರ ಬಾಲ್ಕನ್ ಮತ್ತು ಭಾರತೀಯ ರೂಪಗಳನ್ನು ಒಟ್ಟಿಗೆ ಚರ್ಚೆಗೆ ತಂದಿತು. ಸ್ಕದರ್ ಕೋಟೆಯನ್ನು ಕಟ್ಟಿದ ಕಥೆ ಹೇಳುವ ಸೆರ್ಬಿಯಾದ ಗೀತೆಯಲ್ಲಿ ಅಣ್ಣಂದಿರಿಬ್ಬರು ಆಣೆ ಮುರಿದು ತಮ್ಮ ಹೆಂಡಿರನ್ನು ಎಚ್ಚರಿಸುತ್ತಾರೆ. ಮಾತಿಗೆ ನಿಂತ ಕಿರಿಯವನ ಹೆಂಡತಿ ಗೋಡೆಯೊಳಗೆ ಸೇರುತ್ತಾಳೆ. ಅಲ್ಲಿಯೂ ಬಲಿಯಾಗುವವಳು ಕಿರಿಯ ಸೊಸೆಯೇ. ಆದರೆ ಅಲ್ಲಿ ಗಂಡನಿಗೆ ಎಲ್ಲವೂ ಗೊತ್ತಿದೆ. ಕನ್ನಡ ಗೀತೆಯಲ್ಲಿ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವನನ್ನು ಕೇಳಬೇಕೆಂದು ಯಾರಿಗೂ ತೋರುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಹಿರಿಯರ ತೀರ್ಮಾನದೆದುರು ದಾಂಪತ್ಯಕ್ಕೆ ದನಿಯಿಲ್ಲವೆಂಬುದನ್ನು ಈ ಗೈರುಹಾಜರಿಯೇ ತಿಳಿಸುತ್ತದೆ.

ಕೆಟ್ಟ ಕನಸು ಕಂಡು ಮರಳಿದ ಮಾದೇವರಾಯನಿಗೆ ಮನೆಯವರು ಸುಳ್ಳು ಹೇಳುತ್ತಾರೆ. ನಿಜ ತಿಳಿಯುವುದು ಮತ್ತೆ ಆ ಗೆಳತಿಯಿಂದಲೇ. ಅವನೂ ಅದೇ ಕೆರೆಗೆ ಹಾರುತ್ತಾನೆ. ತ್ಯಾಗದ ವ್ಯಾಖ್ಯಾನಕ್ಕೆ ಈ ಮುಕ್ತಾಯ ಒಗ್ಗುವುದಿಲ್ಲ, ಏಕೆಂದರೆ ಅವನ ಸಾವನ್ನು ಕೆರೆ ಕೇಳಿರಲಿಲ್ಲ. ಸೊಸೆಯನ್ನು ಬೇರೆಯಾಗಿ ಎಣಿಸಿ ಕೊಟ್ಟ ಮನೆ ಮಗನನ್ನೂ ಕಳೆದುಕೊಳ್ಳುತ್ತದೆ. ಹಿರಿಯರ ಎಣಿಕೆ ತಪ್ಪೆಂದು ಗೀತೆ ಬಾಯಿಬಿಟ್ಟು ಹೇಳುವುದಿಲ್ಲ. ಅದರ ಫಲವನ್ನು ಮಾತ್ರ ಕೇಳುಗರ ಮುಂದಿಡುತ್ತದೆ.