ತರಕಾರಿ ಹಿಂಡುವವರಿಗೆ

ಓವನ್ನಿನ ಉರಿಯ ಬಗ್ಗೆ ಈ ವಾರ ಬರೆಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಉಕ್ಕಡಗಾತ್ರಿಯ ಓದುಗರೊಬ್ಬರು ಕೇಳಿದ್ದಾರೆ: ಹಿಟ್ಟಿನ ಬದಲು ಹೂಕೋಸಿನಲ್ಲಿ ಮಾಡಿದ ಪಿಜ್ಜಾ ತಳ ಮಗುಚುವಾಗ ಮುರಿದು ಬೀಳುತ್ತದೆ, ಯಾಕೆ?

ಮುರಿಯದೆ ಏನು ಮಾಡೀತು! ಹೂಕೋಸಿನಲ್ಲಿ ನೂರಕ್ಕೆ 92 ಪಾಲು ನೀರು. ವಿಡಿಯೋದಲ್ಲಿ ಈ ಪಿಜ್ಜಾ ಮಾಡಿ ತೋರಿಸುವವರು ಅದನ್ನು ತುರಿದು, ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ದೊಡ್ಡ ಹೂವೊಂದಕ್ಕೆ ಉಳಿಯುವುದು ಒಂದೆರಡು ಹಿಡಿ ನಾರು. ಅದನ್ನು ಒಗ್ಗೂಡಿಸಲು ಮೊಟ್ಟೆ, ಮೇಲಷ್ಟು ಚೀಸು. ಇದನ್ನು ಚೀಸ್ ಆಮ್ಲೆಟ್ ಎಂದು ಕರೆಯುವುದೇ ಪ್ರಾಮಾಣಿಕತನ. ಉಕ್ಕಡಗಾತ್ರಿಯ ಅಜ್ಜಯ್ಯ ದೇವರಿಗೆ ನಡೆದುಕೊಳ್ಳುವ ಮನೆಯಲ್ಲಿ ಅಮಾವಾಸ್ಯೆ ದಿನ ಮೊಟ್ಟೆ ಒಡೆಯಿರಿ ಎನ್ನಲು ನನಗಂತೂ ಧೈರ್ಯವಿಲ್ಲ.

ನೇಪಲ್ಸಿನವರ ಪಿಜ್ಜಾ ಗೋಧಿಯ ಅಂಟಿನ ಮೇಲೆ ನಿಂತಿದೆ. 60ರಿಂದ 90 ಸೆಕೆಂಡಿನಲ್ಲಿ ಬೆಂದು ಉಬ್ಬುತ್ತದೆ. 2017ರಲ್ಲಿ ಯುನೆಸ್ಕೋ ಆ ಕಸುಬನ್ನು ಪಾರಂಪರಿಕ ಪಟ್ಟಿಗೂ ಸೇರಿಸಿತು. ಒಳ್ಳೆಯದು. ಆದರೆ ಅಂಟಿಲ್ಲದ ಹಿಟ್ಟನ್ನು ಹಿಡಿದಿಡುವ ವಿದ್ಯೆ ಬೇಕಾದರೆ ಅಲ್ಲಿಗೆ ಹೋಗಬೇಕಾಗಿಲ್ಲ, ಹರಿಹರದಿಂದ ಹೊಳೆ ದಾಟಿ ರಾಣೆಬೆನ್ನೂರು ಕಡೆ ಹೋದರೆ ಸಾಕು. ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು ನಾದುತ್ತಾರಲ್ಲ, ಆ ಬಿಸಿಗೆ ಪಿಷ್ಟ ಊದಿಕೊಂಡು ಅಂಟಾಗುತ್ತದೆ. ರೊಟ್ಟಿ ಬಡಿದರೂ ಹರಿಯುವುದಿಲ್ಲ.

ಮಲೆನಾಡಿನ ಸೌತೆಕಾಯಿ ರೊಟ್ಟಿಯದು ಇನ್ನೂ ಜಾಣತನ. ಸೌತೆಯನ್ನು ತುರಿದು, ಉಪ್ಪು ಬೆರೆಸಿ ಕಾಲು ಗಂಟೆ ಬಿಡಿ. ಅದು ಬಿಟ್ಟ ನೀರಿಗೇ ಅಕ್ಕಿಹಿಟ್ಟು, ಹಸಿಮೆಣಸು, ಕೊತ್ತಂಬರಿ ಹಾಕಿ ಕಲಸಿ. ಹೊರಗಿನ ಹನಿ ನೀರೂ ಬೇಡ. ಬಾಳೆಎಲೆಯ ಮೇಲೆ ತಟ್ಟಿ ಕಾವಲಿಗೆ ಕವಿಚಿ. ತರಕಾರಿಯ ನೀರು ಚೆಲ್ಲುವುದಿಲ್ಲ, ಅದೇ ಹಿಟ್ಟನ್ನು ಕೂಡಿಸುತ್ತದೆ. ಒಂದು ಮಗ್ಗುಲು ಗರಿಯಾದ ಮೇಲೆ ಮಗುಚಿ, ಗಟ್ಟಿ ಟೊಮೆಟೊ ಗೊಜ್ಜು ತೆಳ್ಳಗೆ ಸವರಿ, ಚೀಸು ಉದುರಿಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಡಿ.

ಓವನ್ ಪಕ್ಷದವರು ‘ತಳ ಮೆತ್ತಗಾಗುತ್ತದೆ’ ಎನ್ನುತ್ತಾರೆ. ಮನೆಯ ಸಣ್ಣ ಓವನ್ನಿನ ತಟ್ಟೆಯಲ್ಲಿ ಮೆತ್ತಗಾಗುವುದು ನಿಜ, ತಳಕ್ಕೆ ಕಾವು ಸಾಲದು. ಕಬ್ಬಿಣದ ಕಾವಲಿಯಲ್ಲಿ ಉರಿ ತಳದಲ್ಲೇ ಇದೆಯಲ್ಲ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಬೆಳೆದವರಿಗೆ ಕಾವಲಿಯ ಗರಿಯ ಬಗ್ಗೆ ಪಾಠ ಹೇಳಿಸಿಕೊಳ್ಳುವ ಹಂಗೇಕೆ?

ಹಿಟ್ಟೇ ಬೇಡ ಎನ್ನುವ ಹಟದವರಿಗೆ ಬದನೆಕಾಯಿ ಇದೆ. ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲಿ ಬರೆದ ‘ಸೂಪಶಾಸ್ತ್ರ’ವನ್ನು ಈ ಅಂಕಣದಲ್ಲಿ ಎಷ್ಟು ಸಲ ಎಳೆದು ತಂದಿದ್ದೇನೋ, ಷಟ್ಪದಿಯಲ್ಲಿ ಅಡುಗೆ ಹೇಳಿದ ಆ ಮಹಾರಾಯ ಬದನೆಗೇ ಒಂದು ಅಧ್ಯಾಯ ಮೀಸಲಿಟ್ಟ. ಹೂಕೋಸನ್ನು ಅವನು ಕಂಡಿರಲಾರ. ಅದು ನಮ್ಮ ದೇಶಕ್ಕೆ ಬಂದದ್ದೇ ಬ್ರಿಟಿಷರ ಕಾಲದಲ್ಲಿ. ದಪ್ಪ ಗುಂಡು ಬದನೆಯನ್ನು ಅರ್ಧ ಬೆರಳು ದಪ್ಪಕ್ಕೆ ಬಿಲ್ಲೆ ಕೊಯ್ದು, ಉಪ್ಪು ಸವರಿ, ಬೆವರಿದ ಮೇಲೆ ಒರೆಸಿ, ಎರಡೂ ಮಗ್ಗುಲು ಕಂದುಬಣ್ಣಕ್ಕೆ ತಿರುಗುವವರೆಗೆ ಎಣ್ಣೆಯಲ್ಲಿ ಬಾಡಿಸಿ. ಈ ಬಿಲ್ಲೆಗಳೇ ಪಿಜ್ಜಾದ ತಳ; ಮೇಲೆ ಟೊಮೆಟೊ ಬದಲು ಶೇಂಗಾ ಚಟ್ನಿಪುಡಿ ಉದುರಿಸಿದರೆ ಇಟಲಿಯವರು ಮುನಿಸಿಕೊಳ್ಳಬಹುದು; ಹರಿಹರದಲ್ಲಿ ಯಾರೂ ತಕರಾರು ತೆಗೆಯಲಾರರು.